ಕಡೆಯ ಪದ ಬರುವವರೆಗೆ

ಜೂನ್ 4

ಮಗಳೇ,

ಫೋನ್ ಬೇಡ, ಕಾಗದ ಬರಿ ಅಂದವಳು ನೀನೇ. ಸರಿಯಾಗಿಯೇ ಹೇಳಿದೆ. ಫೋನಿನಲ್ಲಿ ನಾನು ಕೆಮ್ಮುತ್ತೇನೆ, ನೀನು 'ಹೂಂ' ಅನ್ನುತ್ತೀಯ, ನನ್ನ ಅಕ್ಕ, ನಿನ್ನ ಅತ್ತೆ, ಹಿಂದಿನಿಂದ 'ಊಟ ಮಾಡಿದೆ ಅಂತ ಹೇಳು' ಅನ್ನುತ್ತಾಳೆ. ಮೂರು ಜನ ಸೇರಿ ಏನನ್ನೂ ಹೇಳದೆ ಹತ್ತು ನಿಮಿಷ ಕಳೆಯುತ್ತೇವೆ. ಕಾಗದದಲ್ಲಾದರೆ ಕೆಮ್ಮಾದರೂ ಕೇಳಿಸುವುದಿಲ್ಲ.

ನಿನ್ನೆ ನಿನ್ನ ಜಿಮ್ನಾಸ್ಟಿಕ್ಸ್ ಕ್ಲಾಸು ತೆಗೆದುಕೊಂಡೆ. ತೆಗೆದುಕೊಂಡೆ ಅನ್ನುವುದಕ್ಕಿಂತ ಅದೇ ನನ್ನನ್ನು ತೆಗೆದುಕೊಂಡಿತು ಅನ್ನಬೇಕು. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು. ಅಕ್ಷರಗಳದ್ದು ಒಂದು ಒಳ್ಳೆಯ ಗುಣ, ಕೂರಿಸಿದ ಜಾಗದಲ್ಲಿ ಕೂತಿರುತ್ತವೆ. ನಿನ್ನ ಒಂಬತ್ತು ಮಕ್ಕಳಲ್ಲಿ ಒಂದೂ ಕೂರಲಿಲ್ಲ. ಅವಳಿಗಳಿಬ್ಬರು ಹಾಸುಗಳ ಕೆಳಗೆ ನುಸುಳಿದರು. ಕನ್ನಡಕದ ಹುಡುಗಿ, ಅವಳನ್ನು ನಾನು ಪ್ರಶ್ನೆಪತ್ರಿಕೆ ಅನ್ನುತ್ತೇನೆ, 'ನೀವು ಲಾಗ ಹಾಕ್ತೀರಾ? ಯಾಕೆ ಹಾಕಲ್ಲ? ಹೊಟ್ಟೆ ಅಡ್ಡ ಬರತ್ತಾ?' ಅಂತ ಮೂರು ಕೇಳಿ ಮೂರಕ್ಕೂ ತಾನೇ ಉತ್ತರ ಬರೆದುಕೊಂಡಳು. ಇನ್ನು ನಿನ್ನ ಬುಗುರಿ. ಏಳು ವರ್ಷದ ಮೈಗೆ ಎಷ್ಟು ಕೈಕಾಲು ಅಂತ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಅವಳ ಅಜ್ಜಿ ಬಾಗಿಲಲ್ಲಿ ಬಿಟ್ಟು, 'ಸ್ವಲ್ಪ ಚುರುಕು, ನೋಡ್ಕೊಳ್ಳಿ' ಅಂದರು. ಆ 'ಸ್ವಲ್ಪ'ವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು.

ನನ್ನನ್ನು ಏನಂತ ಕರೆಯಬೇಕು ಅಂತ ಚರ್ಚೆಯಾಯಿತು. ನೀನು ಅವರಿಗೆ 'ಅಕ್ಕ'. ನಾನು 'ಅಕ್ಕನ ಅಪ್ಪ'. ಒಂದು ಗಂಟೆಯಲ್ಲಿ ಅದು ಸವೆದು 'ಅಕ್ಕಪ್ಪ' ಆಗಿದೆ.

ಜಿಮ್ನಾಸ್ಟಿಕ್ಸ್ ಹಾಲ್‌ನ ಮೇನೇಜರು ಬಂದು ನಿಂತಿದ್ದರು. 'ನೋಡಿ, ನಿಮ್ಮ ಮಗಳು ವಾಪಸ್ ಬರೋವರೆಗೂ ಸಂಜೆ ಐದು ಗಂಟೆ ನಿಮ್ದೇ. ಆದ್ರೆ ಮಕ್ಕಳು ಎಂಟಕ್ಕಿಂತ ಕಮ್ಮಿ ಆದ್ರೆ ನನ್ ಕೈಲಿ ಏನೂ ಇಲ್ಲ. ಕರಾಟೆಯವರು ದಿನಾ ಬಂದು ಬಾಗಿಲಲ್ಲಿ ಇಣುಕ್ತಾರೆ' ಅಂದರು. ಇಣುಕುತ್ತಿದ್ದರು, ನಾನೇ ನೋಡಿದೆ.

ನೀನು ಆಸ್ಪತ್ರೆಯಿಂದ ಎದ್ದು ಬಂದ ದಿನ ಆ ಐದು ಗಂಟೆ ನಿನ್ನದಾಗಿಯೇ ಇರಬೇಕು. ನನಗಿರುವ ಕೆಲಸ ಅಷ್ಟೇ. ಆದರೆ ಇವರನ್ನು ಒಂದು ಕಡೆ ನಿಲ್ಲಿಸುವುದು ಹೇಗೆ? ಬೇಗ ಬರಿ. ನಾಳೆ ಮತ್ತೆ ಐದು ಗಂಟೆ ಆಗುತ್ತದೆ.

ನಿನ್ನ ಅಪ್ಪ


ಜೂನ್ 9

ಅಪ್ಪಾ,

ನಿಲ್ಲಿಸಬೇಡ. ಮೊದಲನೇ ತಪ್ಪೇ ಅದು. ಒಬ್ಬಳು ಲಾಗ ಹಾಕುವಾಗ ಎಂಟು ಜನ ಸಾಲಿನಲ್ಲಿ ನಿಂತು ನೋಡಬೇಕು ಅಂದರೆ, ಆ ಎಂಟು ಜನ ಕೆಟ್ಟವರಾಗುವುದು ನಿನ್ನಿಂದ. ಮೂರು ಗುಂಪು ಮಾಡು. ಒಂದು ಹಾಸಿನ ಮೇಲೆ, ಒಂದು ಬೀಮಿನ ಮೇಲೆ, ಒಂದು ಕಂಬಿಯ ಹತ್ತಿರ. ನಾಲ್ಕು ನಿಮಿಷಕ್ಕೊಮ್ಮೆ ಜಾಗ ಬದಲಾಗಲಿ. ಬೀರುವಿನಲ್ಲಿ ಬಣ್ಣದ ಚೌಕ ಬಟ್ಟೆಗಳಿವೆ, ಒಬ್ಬೊಬ್ಬರಿಗೆ ಒಂದು ಕೊಡು, 'ಇದು ನಿನ್ನ ಮನೆ' ಅನ್ನು. ಕೂಗಬೇಡ. ಸಣ್ಣ ದನಿಯಲ್ಲಿ ಮಾತಾಡಿದರೆ ಕೇಳಿಸಿಕೊಳ್ಳಲಿಕ್ಕಾದರೂ ಸುಮ್ಮನಾಗುತ್ತಾರೆ. ಬುಗುರಿಗೆ ಬಂದ ತಕ್ಷಣ ಒಂದು ಕೆಲಸ ಕೊಡು. ಅವಳದು ತುಂಟತನ ಅಲ್ಲ ಅಪ್ಪ, ಮೈ ತುಂಬಿ ಚೆಲ್ಲುತ್ತದೆ ಅಷ್ಟೆ.

ಇದೊಂದು ಮಾತ್ರ ಮರೆಯಬೇಡ. ಕಂಬಿಯ ಹತ್ತಿರ ಯಾರೇ ಇರಲಿ, ನೀನು ಪಕ್ಕದಲ್ಲಿ ಮಂಡಿಯೂರಿ ಕೂರಬೇಕು. ಒಂದು ಕೈ ಹೊಟ್ಟೆಗೆ, ಒಂದು ಕೈ ಬೆನ್ನಿಗೆ. ನಿಂತುಕೊಂಡು ಹಿಡಿಯುತ್ತೇನೆ ಅಂದರೆ ಹಿಡಿಯುವಷ್ಟರಲ್ಲಿ ಮಗು ನೆಲದಲ್ಲಿರುತ್ತದೆ.

ಕಾಲು ಪರವಾಗಿಲ್ಲ. ಎರಡು ಆಪರೇಷನ್ ಆದಮೇಲೂ ಯಾಕೆ ಬಿದ್ದೆ ಅಂತ ವಾರ್ಡಿನವರು ಕೇಳುತ್ತಾರೆ. ಕಂಬಿಯ ಮೇಲೆ ಗಿರಗಿರ ತಿರುಗುವವಳು ಬಸ್ಸಿನ ಮೆಟ್ಟಿಲು ಇಳಿಯಲು ಬರದೆ ಬಿದ್ದೆ ಅಂದರೆ ಪಕ್ಕದ ಮಂಚದ ಅಜ್ಜಿಗೆ ದಿನಾ ಹೊಸದಾಗಿ ನಗು. ಸೆಪ್ಟೆಂಬರಿಗೆ ಬರುತ್ತೇನೆ. ನೀನು ಇಲ್ಲಿಗೆ ಬಂದು ನನ್ನ ಮುಖ ನೋಡುತ್ತಾ ಕೂರಬೇಡ, ಅತ್ತೆ ಇದ್ದಾರೆ. ನನಗೆ ಕಾವಲು ಬೇಡ, ಕ್ಲಾಸಿಗೆ ಬೇಕು.

ನಿನ್ನ ಮಗಳು


ಜೂನ್ 22

ಮಗಳೇ,

ಮೂರು ಗುಂಪು ಮಾಡಿದೆ. ಮೂರು ಐದಾಯಿತು, ಐದು ಒಂಬತ್ತಾಯಿತು. ಬಣ್ಣದ ಮನೆಗಳನ್ನು ಹಂಚಿದೆ. ಅವಳಿಗಳು ಒಬ್ಬರ ಮನೆಗೆ ಒಬ್ಬರು ನುಗ್ಗಿ ಕಿತ್ತಾಡಿದರು. 'ಮನೆಗೆ ಬಾಗಿಲೆಲ್ಲಿ?' ಅಂತ ಪ್ರಶ್ನೆಪತ್ರಿಕೆ. ಸಣ್ಣ ದನಿಯಲ್ಲಿ ಮಾತಾಡಿದೆ. ಮಕ್ಕಳಿಗೆ ಕೇಳಿಸಲಿಲ್ಲ, ಸ್ವಲ್ಪ ಹೊತ್ತಿಗೆ ನನಗೂ ಕೇಳಿಸಲಿಲ್ಲ. ಬುಗುರಿಗೆ ಹಾಸು ಜೋಡಿಸುವ ಕೆಲಸ ಕೊಟ್ಟೆ. ಜೋಡಿಸಿದಳು. ಒಂದರ ಮೇಲೊಂದು, ಏಳು. ಆಮೇಲೆ ಮೇಲಿಂದ ಹಾರಿದಳು.

ಒಬ್ಬ ಹುಡುಗನ ತಂದೆ ಬಂದು, 'ಇಲ್ಲಿ ಕಲಿಯೋದಕ್ಕಿಂತ ಮನೇಲಿ ಸೋಫಾ ಮೇಲೆ ಕುಣಿಯೋದೇ ವಾಸಿ' ಅಂತ ಮಗನನ್ನು ಬಿಡಿಸಿಕೊಂಡು ಹೋದರು. ಉಳಿದದ್ದು ಎಂಟು. ಇನ್ನೊಂದು ಹೋದರೆ ಕರಾಟೆ.

ಮೊನ್ನೆ ಸೋತು, ಬೀಮಿನ ಮೇಲೆ ಕೂತು, ಬಾಯಿಗೆ ಬಂದದ್ದನ್ನು ರಾಗವಾಗಿ ಹೇಳಿದೆ. ಪ್ರಾಸ ನನಗೆ ಚಟ ಅಂತ ನಿನಗೆ ಗೊತ್ತಲ್ಲ.

ಗದ್ದ ಎದೆಗೆ, ಬೆನ್ನು ದುಂಡು,
ಉರುಳಿ ಬಾ ನೀ ಹತ್ತಿ...

ಅಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿ ಕಣ್ಣೊರೆಸಿಕೊಂಡು ನೋಡುತ್ತೇನೆ, ಎಂಟು ಮಕ್ಕಳೂ ಗದ್ದವನ್ನು ಎದೆಗೆ ಒತ್ತಿಕೊಂಡು ಕುಕ್ಕುರುಗಾಲಿನಲ್ಲಿ ಕೂತಿದ್ದಾರೆ. ಮಿಸುಕಾಟವಿಲ್ಲ. ಎಂಟು ಜೊತೆ ಕಣ್ಣು ನನ್ನ ಬಾಯಿಯ ಮೇಲೆ. ಬುಗುರಿಯದ್ದೂ. 'ಚೆಂಡು' ಅಂದೆ ನೋಡು, ಒಟ್ಟಿಗೆ ಎಂಟು ಲಾಗ!

ಪ್ರಾಸ ಅರ್ಧಕ್ಕೆ ನಿಂತರೆ ಮಗು ಉಳಿದರ್ಧಕ್ಕೆ ಕಾಯುತ್ತದೆ. ಇಷ್ಟೇ ಗುಟ್ಟು. ಈಗ ನಮ್ಮ ಹಾಲಿಗೆ ಒಂದೇ ಕಾನೂನು, ಕಡೆಯ ಪದ ಬರುವವರೆಗೆ ಯಾರೂ ಮಿಸುಕುವಂತಿಲ್ಲ. ಮಿಸುಕಿದವರು ಔಟ್. ಒಬ್ಬರು ಕಂಬಿಯ ಮೇಲಿದ್ದರೆ ಉಳಿದವರು ತಮ್ಮ ಬಣ್ಣದ ಮನೆಯಲ್ಲಿ ಗೊಂಬೆಯಂತೆ ನಿಂತು ನೋಡಬೇಕು. ಕಂಬಿಗೂ ಒಂದು ಕಟ್ಟಿದ್ದೇನೆ:

ಕೈಯನೂರಿ, ಕಾಲು ಜೋಡಿ,
ಎದುರು ಗೋಡೆ ಗೆರೆಯ ನೋಡಿ,
ಬೆಕ್ಕಿನಂತೆ ಮಂಡಿ ಮಡಚಿ
ಸದ್ದು ಮಾಡದೆ ಇಳಿದು ಬಿಡಿ.

ಕಂಬಿಯ ಮೇಲೆ ಕೈಯೂರಿ ಮೈ ಎತ್ತಿ ನಿಂತವರು 'ಬಿಡಿ' ಅಂದಾಗ ಇಳಿಯಬೇಕು. ಇಳಿಯುತ್ತಾರೆ. ನಿಜವಾಗಿಯೂ ಸದ್ದಿಲ್ಲದೆ. ಮೇನೇಜರು ಹಾಲ್ ಖಾಲಿಯಿದೆ ಅಂದುಕೊಂಡು ದೀಪ ಆರಿಸಲು ಬಂದಿದ್ದರು.

ನಿನ್ನ ಅಪ್ಪ, ಪ್ರಾಸಶಿಕ್ಷಕ


ಜೂನ್ 29

ಅಪ್ಪಾ,

ನಿನ್ನ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದ ಮಂಚದ ಅಜ್ಜಿ ಗದ್ದ ಎದೆಗೊತ್ತಿಕೊಂಡು 'ಚೆಂಡು ಅನ್ನಮ್ಮಾ, ಕತ್ತು ನೋಯ್ತಿದೆ' ಅಂದರು. ನರ್ಸು ಓಡಿ ಬಂದಳು.

ಲಾಗಕ್ಕೆ ಸರಿ. ಬೀಮಿಗೂ ಸರಿ. ಮೂರು ಗುಂಪು ಹೋಗಿ ಮತ್ತೆ ಒಂದೇ ಸಾಲಾಯಿತಲ್ಲ ಅಂತ ಬೇಜಾರು, ಆದರೆ ನಡೆಯುತ್ತಿದ್ದರೆ ನಡೆಯಲಿ. ಕಂಬಿಗೆ ಮಾತ್ರ ಈ ಆಟ ಬೇಡ. ಕಂಬಿಯ ಮೇಲೆ ಕೈ ಸೋತಾಗ ಇಳಿಯಬೇಕು, ನೀನು ಹೇಳಿದಾಗ ಅಲ್ಲ. ಕೈ ಸೋತದ್ದು ಅವರಿಗೆ ಗೊತ್ತಾಗುತ್ತದೆ, ನಿನಗೆ ಗೊತ್ತಾಗುವುದಿಲ್ಲ. ಅವರ ಕೈಯ ಮಾತು ಕೇಳುವುದನ್ನು ಕಲಿಸಲಿಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೂರನೇ ಆಪರೇಷನ್ ಒಂದಿದೆಯಂತೆ, ಸಣ್ಣದು, ಒಳಗೆ ಕ್ಲೀನ್ ಮಾಡುತ್ತಾರೆ. ಯೋಚನೆ ಮಾಡಬೇಡ.

ಐದು ಗಂಟೆ ಆದಾಗ ನಾನಿಲ್ಲಿ ಕಿಟಕಿ ಕಡೆ ತಿರುಗಿ ಮಲಗುತ್ತೇನೆ. ಈಗ ಬೂಟು ಬಿಚ್ಚುತ್ತಿರುತ್ತಾರೆ, ಈಗ ಓಟ, ಈಗ ನೀರು ಅಂತ. ಆರು ಗಂಟೆಯವರೆಗೆ ದಿನ ಹೇಗೋ ಸಾಗುತ್ತದೆ.

ಮಗಳು


ಜುಲೈ 20

ಮಗಳೇ,

ಹನ್ನೊಂದು! ಬಿಟ್ಟು ಹೋದ ಹುಡುಗ ವಾಪಸು ಬಂದ, ಜೊತೆಗೆ ಇಬ್ಬರನ್ನು ಕರೆತಂದ. ಶುಕ್ರವಾರ ಮನೆಯವರನ್ನು ಕರೆದು ತೋರಿಸಿದೆ. ಹನ್ನೊಂದು ಮಕ್ಕಳು ಹನ್ನೊಂದು ಬಣ್ಣದ ಮೇಲೆ, ಒಂದು ರೆಪ್ಪೆ ಅಲುಗದೆ. ಬುಗುರಿಯ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ಊಟಕ್ಕೆ ಕೂರಿಸೋಕೆ ನಂಗೂ ಒಂದು ಪದ್ಯ ಬರ್ಕೊಡಿ ಸ್ವಾಮಿ' ಅಂದರು. ಬರೆದುಕೊಟ್ಟೆ. ಸೆಪ್ಟೆಂಬರ್‌ವರೆಗೆ ನಮ್ಮ ತಂಟೆಗೆ ಬರುವುದಿಲ್ಲ ಅಂತ ಮೇನೇಜರು ಬಾಯಿಬಿಟ್ಟು ಹೇಳಿದ್ದಾರೆ.

ನೀನು ಬೈಯುತ್ತೀಯ, ಗೊತ್ತು. ಕಂಬಿಯ ಪದ್ಯ ನಿಲ್ಲಿಸಿಲ್ಲ. ಮಕ್ಕಳಿಗೆ ಇಷ್ಟವಾದದ್ದೇ ಅದು. 'ಇಳಿದು... ಇಳಿದು...' ಅಂತ ನಾನು ಎಳೆಯಬೇಕು, ಅವರು ತಡೆದುಕೊಳ್ಳಬೇಕು. ಹೆಚ್ಚು ಹೊತ್ತು ತಡೆಯುವವಳು ಯಾರು ಹೇಳು? ಬುಗುರಿ. ಮುಖ ಕೆಂಪಾಗುತ್ತದೆ, ತೋಳು ನಡುಗುತ್ತದೆ, ಕಣ್ಣು ಮಾತ್ರ ನನ್ನ ಬಾಯಿ ಬಿಟ್ಟು ಕದಲುವುದಿಲ್ಲ. ಈ ಮಗುವನ್ನೇ ತಾನೇ ಶಾಲೆಯಲ್ಲಿ ವಾರಕ್ಕೆರಡು ಸಲ ಹೊರಗೆ ನಿಲ್ಲಿಸುತ್ತಿದ್ದದ್ದು?

ನಾನು ಪಕ್ಕದಲ್ಲೇ ಇರುತ್ತೇನೆ. ಮಂಡಿಯೂರುವುದು ಮಾತ್ರ ಆಗುತ್ತಿಲ್ಲ. ನನ್ನ ಮಂಡಿ ನಿನ್ನದಕ್ಕಿಂತ ಹಳೆಯದು ಕಣೇ.

ಕ್ಲಾಸು ನಿನಗಾಗಿ ಕಾದಿದೆ. ಬಾ.

ಅಪ್ಪ


ಆಗಸ್ಟ್ 19

ಅಪ್ಪಾ,

ನಿನ್ನ ಕಾಗದ ಬಂದು ತಿಂಗಳಾಯಿತು.

ಏಳನೇ ತಾರೀಖು ಸಂಜೆ ಅತ್ತೆ ವರಾಂಡಕ್ಕೆ ಹೋಗಿ ನಿನಗೆ ಫೋನ್ ಮಾಡಿದರಂತೆ. ನನಗೆ ಮಾರನೇ ದಿನ ಹೇಳಿದರು. 'ನೀನಂತೂ ಬಾಯಿ ಬಿಡಲ್ಲ, ಅವನಿಗೆ ಯಾರಾದ್ರೂ ಹೇಳ್ಬೇಕಲ್ಲ' ಅಂದರು. ಅವರ ಜೊತೆ ಎರಡು ದಿನ ಮಾತು ಬಿಟ್ಟೆ. ಆದರೆ ನಿನಗೆ ಗೊತ್ತಾದದ್ದು ಒಳ್ಳೆಯದೇ ಆಯಿತು. ಮೂಳೆಗೆ ಕೀವು ಇಳಿದಿತ್ತು. ಕ್ಲೀನ್ ಮಾಡುವುದು ಅಂದದ್ದು ಪೂರ್ತಿ ಸುಳ್ಳಲ್ಲ. ಮಾಡಿದ ಮೇಲೆ ಉಳಿದದ್ದನ್ನು ಸರಳು ಹಾಕಿ ಕೂಡಿಸಿದ್ದಾರೆ. ಮಂಡಿ ಇನ್ನು ಮಡಚುವುದಿಲ್ಲ. ನಡೆಯಬಹುದಂತೆ. ಕೂತಾಗ ಕಾಲು ಮುಂದಕ್ಕೆ ಚಾಚಿರುತ್ತದೆ. ಬಸ್ಸಿನಲ್ಲಿ ಎರಡು ಸೀಟು ಬೇಕು ಅಷ್ಟೆ.

ನೀನು ಬರೆಯದೇ ಇರುವುದು ಅದಕ್ಕೇ ಅಂದುಕೊಂಡಿದ್ದೇನೆ. ಏನು ಬರೆಯಬೇಕು ತಿಳಿಯದೆ. ಏನೂ ಬರೆಯಬೇಡ ಅದರ ಬಗ್ಗೆ. ಕ್ಲಾಸು ನಡೆಯುತ್ತಿದೆ ತಾನೇ? ಅದೊಂದು ಬರಿ.

ಮಗಳು


ಆಗಸ್ಟ್ 23

ಮಗಳೇ,

ಕ್ಲಾಸು ನಡೆಯುತ್ತಿದೆ. ಮಕ್ಕಳು ಚೆನ್ನಾಗಿದ್ದಾರೆ. ಹಾಲಿನ ಚಾವಣಿ ಸೋರುತ್ತಿತ್ತು, ರಿಪೇರಿ ಮಾಡಿಸಿದ್ದಾರೆ. ಪ್ರೆಸ್ಸಿನಲ್ಲಿ ಕೆಲಸ ಹೆಚ್ಚು, ಹೊಸ ಪದ್ಯ ಕಟ್ಟಿಲ್ಲ.

ನೀನು ಮೈ ನೋಡಿಕೋ. ಅತ್ತೆಯ ಮೇಲೆ ಮುನಿಸಿಕೊಳ್ಳಬೇಡ. ಅವಳು ಫೋನ್ ಮಾಡಿದ್ದು ತಪ್ಪಲ್ಲ.

ಅಪ್ಪ


ಸೆಪ್ಟೆಂಬರ್ 2

ಅಪ್ಪಾ,

ಬುಗುರಿಯ ಅಜ್ಜಿ ನನಗೆ ಕಾಗದ ಬರೆದಿದ್ದಾರೆ. ಆಸ್ಪತ್ರೆಯ ವಿಳಾಸ ಮೇನೇಜರಿಂದ ಪಡೆದರಂತೆ. ಬೈದು ಬರೆದಿಲ್ಲ. ಬೈದಿದ್ದರೆ ಓದುವುದು ಸುಲಭವಾಗುತ್ತಿತ್ತು.

ಆಗಸ್ಟ್ ಏಳಕ್ಕೆ ಅವಳು ಕಂಬಿಯಿಂದ ಬಿದ್ದು ಎಡ ಮೊಣಕೈ ಮುರಿದುಕೊಂಡಳಂತೆ. ಎರಡು ಕಡೆ. ಪ್ಲಾಸ್ಟರ್ ಹಾಕುವಾಗ ಡಾಕ್ಟರು 'ಕೈ ನೋಯ್ತಿತ್ತಲ್ಲ, ಇಳೀಬಾರದಿತ್ತಾ ಪುಟ್ಟಿ?' ಅಂತ ಕೇಳಿದರೆ, 'ಅಕ್ಕಪ್ಪ ಇನ್ನೂ ಬಿಡಿ ಅಂದಿರ್ಲಿಲ್ಲ' ಅಂದಳಂತೆ. ಅಜ್ಜಿ ಅದನ್ನು ಹಾಗೆಯೇ ಬರೆದಿದ್ದಾರೆ. 'ನೀನು ವಾಪಸ್ ಬಂದ್ಮೇಲೆ ಅವಳನ್ನ ಮತ್ತೆ ಸೇರಿಸ್ಕೋತೀಯೇನಮ್ಮ? ನಿನ್ನ ಹತ್ರ ಆದ್ರೆ ಕಳಿಸ್ತೀನಿ' ಅಂತ ಕೇಳಿದ್ದಾರೆ.

ಅವತ್ತು ಏಳನೇ ತಾರೀಖು. ಅತ್ತೆ ಫೋನ್ ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಐದೂವರೆ ಇರಬಹುದು, ಡಾಕ್ಟರು ಆಗಷ್ಟೇ ಬಂದು ಹೋದರು ಅಂದರು.

ಚೆನ್ನಾಗಿದ್ದಾರೆ ಅಂತ ಬರೆದೆಯಲ್ಲ ಅಪ್ಪಾ. ಚಾವಣಿ ರಿಪೇರಿಯ ವಿಷಯ ಬರೆದೆ.

ನಡೆದದ್ದನ್ನು ನಡೆದ ಹಾಗೆ ಬರಿ.


ಸೆಪ್ಟೆಂಬರ್ 6

ಮಗಳೇ,

ಬರೆಯುತ್ತೇನೆ.

ಅವತ್ತು ಬುಗುರಿಯ ಸರದಿ. ಉಳಿದ ಹತ್ತು ಮಕ್ಕಳು ತಮ್ಮ ತಮ್ಮ ಬಣ್ಣದ ಮೇಲೆ. ಅವಳು ಕಂಬಿಯ ಮೇಲೆ ಕೈಯೂರಿ ನಿಂತಳು. ಶುರು ಮಾಡಿದೆ. 'ಸದ್ದು ಮಾಡದೆ ಇಳಿದು...' ಅಂತ ಎಳೆಯುವಾಗ ಜೇಬಿನಲ್ಲಿ ಫೋನ್ ಅಲುಗಿತು. ನನ್ನ ಅಕ್ಕನ, ನಿನ್ನ ಅತ್ತೆಯ ಹೆಸರು ನೋಡಿದೆ. ಆ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ. ಕಿವಿಗಿಟ್ಟುಕೊಂಡೆ. ಸರಿಯಾಗಿ ಕೇಳಿಸಲಿಲ್ಲ, ಬಾಗಿಲ ಕಡೆ ನಡೆದೆ. ಹನ್ನೆರಡು ಹೆಜ್ಜೆ. ಆಮೇಲೆ ಎಷ್ಟೋ ಸಲ ನಡೆದು ಎಣಿಸಿದ್ದೇನೆ.

ಅಕ್ಕ ಅಳುತ್ತಿದ್ದಳು. 'ಮಂಡಿ ಹೋಯ್ತು ಕಣೋ, ಹುಡುಗಿ ನಿಂಗೆ ಹೇಳಿಲ್ಲ, ಇನ್ನು ಮಡಚಲ್ಲ' ಅಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನನ್ನ ಬೆನ್ನ ಹಿಂದೆ ಹಾಲ್ ಮೌನವಾಗಿತ್ತು. ಇದನ್ನು ಬರೆಯಲೇಬೇಕು. ಆ ಮೌನ ನನ್ನ ಗಮನಕ್ಕೆ ಬಂತು. ಅಕ್ಕ ಅಳುತ್ತಿರುವಾಗಲೇ ಮನಸ್ಸಿನ ಒಂದು ಮೂಲೆಯಲ್ಲಿ, ನೋಡು ಹೇಗೆ ಹದ್ದುಬಸ್ತಿನಲ್ಲಿದ್ದಾರೆ, ಪಾಪ, ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂತ ಅನ್ನಿಸಿತು. ಮೆಚ್ಚಿಕೊಂಡೆ ಮಗಳೇ. ಅದು ಗದ್ದಲವಾಗಿದ್ದರೆ ತಿರುಗಿ ನೋಡುತ್ತಿದ್ದೆ.

ಒಂದು ನಿಮಿಷವೋ ಒಂದೂವರೆಯೋ. ಆಮೇಲೆ ಸದ್ದು. ಹಾಸಿನ ಮೇಲೆ ಬಿದ್ದ ಮೆತ್ತನೆಯ ಸದ್ದಲ್ಲ. ಎರಡು ಹಾಸುಗಳ ಸಂದಿಯಲ್ಲಿ, ಹಲಗೆಯ ಮೇಲೆ.

ತಿರುಗಿದೆ. ಅವಳು ಕಂಬಿಯ ಮುಂದೆ ಮುಗ್ಗರಿಸಿ ಬಿದ್ದಿದ್ದಳು. ಕೈ ತಿರುಗಬಾರದ ಕಡೆ ತಿರುಗಿತ್ತು. ಇನ್ನೂ ಅಳು ಬಂದಿರಲಿಲ್ಲ. ಮಿಕ್ಕ ಹತ್ತು ಮಕ್ಕಳೂ ತಮ್ಮ ಬಣ್ಣದ ಮೇಲೆಯೇ ಇದ್ದರು. ಒಬ್ಬರೂ ಓಡಿ ಬರಲಿಲ್ಲ. ಒಬ್ಬರೂ ಕೂಗಲಿಲ್ಲ. ಪ್ರಶ್ನೆಪತ್ರಿಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ಗೆಳತಿ ಕಣ್ಣೆದುರು ತೋಳು ನಡುಗಿಸಿಕೊಂಡು ಕೆಂಪಗಾಗಿ ಬಿದ್ದದ್ದನ್ನು ಹತ್ತು ಮಕ್ಕಳು ಗೊಂಬೆಗಳಂತೆ ನಿಂತು ನೋಡಿದ್ದವು. ನಾನೇ ಕಲಿಸಿದ್ದು.

ಅವರನ್ನು ಅಲುಗಿಸಲು ನಾನು ಆ ಪದ ಹೇಳಬೇಕಾಯಿತು. ಹೇಳಿದೆ. ಆಗ ಹತ್ತೂ ಒಟ್ಟಿಗೆ ಕಿರುಚಿದವು.

ಮಾರನೇ ವಾರ ಇಬ್ಬರು ಬಂದರು. ಅದರ ಮುಂದಿನ ವಾರ ಯಾರೂ ಇಲ್ಲ. ನಾನು ಮೂರು ಸಂಜೆ ಐದಕ್ಕೆ ಹೋಗಿ ಹಾಸು ಬಿಡಿಸಿ, ಆರಕ್ಕೆ ಮಡಚಿಟ್ಟು ಬಂದೆ. ನಾಲ್ಕನೇ ಸಂಜೆ ಮೇನೇಜರು ಬಂದು, 'ಸಾಕು ಮಾಡಿ, ನನಗೂ ನೋಡಕ್ಕಾಗ್ತಿಲ್ಲ' ಅಂದರು. ಈಗ ಐದು ಗಂಟೆಗೆ ಕರಾಟೆ.

ನಿನ್ನ ಮಂಡಿಯ ಸುದ್ದಿ ಕೇಳಿದ ಮೇಲೆ ಕ್ಲಾಸು ಕೂಡ ಇಲ್ಲ ಅಂತ ಬರೆಯಲು ಕೈ ಬರಲಿಲ್ಲ. ಅದಕ್ಕೇ ಚಾವಣಿ. ಚಾವಣಿ ರಿಪೇರಿಯಾದದ್ದು ಮಾತ್ರ ನಿಜ.

ಅಪ್ಪ


ಸೆಪ್ಟೆಂಬರ್ 20

ಅಪ್ಪಾ,

ನಿನ್ನ ಮೇಲೆ ಕೋಪವಿಲ್ಲ ಅಂತ ಬರೆಯಲು ಮೂರು ಸಲ ಕೂತೆ, ಮೂರು ಸಲ ಹರಿದೆ. ಕೋಪವಿದೆ. ಮಂಡಿಯೂರು ಅಂದಿದ್ದೆ, ಕಂಬಿಗೆ ಬೇಡ ಅಂದಿದ್ದೆ. ಎರಡನ್ನೂ ನೀನು ತಮಾಷೆ ಮಾಡಿ ದಾಟಿಸಿದೆ. ನಿನ್ನ ತಮಾಷೆಗೆ ನಾನು ನಕ್ಕೆ, ಅದೂ ಇದೆ.

ಆದರೆ ಇನ್ನೊಂದನ್ನು ನಾನೂ ಬರೆಯಬೇಕು. ಮೂರನೇ ಆಪರೇಷನ್ನಿಗೆ ಸಹಿ ಹಾಕಿದ್ದು ಜೂನ್ 27ಕ್ಕೆ. ಮಂಡಿ ಇನ್ನು ಮಡಚುವುದಿಲ್ಲ ಅಂತ ಅವತ್ತೇ ಡಾಕ್ಟರು ಬಿಡಿಸಿ ಹೇಳಿದ್ದರು. ಪಕ್ಕದ ಮಂಚದ ಅಜ್ಜಿ 'ಚೆಂಡು ಅನ್ನಮ್ಮಾ' ಅಂದರು ಅಂತ ನಿನಗೆ ಬರೆದದ್ದು ಅದಾಗಿ ಎರಡು ದಿನಕ್ಕೆ. ಮಂಡಿಯೂರಲು ಬಾರದವಳು ಮಕ್ಕಳನ್ನು ಹಿಡಿಯಲಾರಳು. ಬಿದ್ದ ಮಗುವಿನ ಹತ್ತಿರ ಬಗ್ಗಲಾರಳು. ಕ್ಲಾಸಿಗೆ ನಾನು ವಾಪಸು ಬರುವುದಿಲ್ಲ ಅಂತ ನನಗೆ ಜೂನಿನಲ್ಲೇ ಗೊತ್ತಿತ್ತು.

ನಿನಗೆ ಹೇಳಿದ್ದರೆ ನೀನು ಕ್ಲಾಸು ನಿಲ್ಲಿಸಿ ಮಾರನೇ ದಿನ ಇಲ್ಲಿ ಬಂದು ಕೂರುತ್ತಿದ್ದೆ. ನಿಲ್ಲಿಸಬಾರದು ಅಂತಲೇ ಹೇಳಲಿಲ್ಲ. ಐದು ಗಂಟೆಗೆ ಕಿಟಕಿ ಕಡೆ ತಿರುಗಿ ಮಲಗಿದಾಗ ಎಲ್ಲೋ ಒಂದು ಕಡೆ ಅವರು ಬೂಟು ಬಿಚ್ಚುತ್ತಿರಬೇಕಿತ್ತು ನನಗೆ. ಬೇರೇನೂ ಕಾರಣವಿಲ್ಲ. ಯಾರೂ ವಾಪಸು ಬರದ ಕ್ಲಾಸನ್ನು ನೀನು ಕಾಯುತ್ತಿದ್ದೆ. ಆ ಮಗು ಕಂಬಿಯ ಮೇಲೆ ತಡೆದುಕೊಂಡು ನಿಂತದ್ದೂ ಅದಕ್ಕೇ.

ಅಜ್ಜಿಗೆ ಉತ್ತರ ಬರೆದಿಲ್ಲ. 'ಸೇರಿಸ್ಕೋತೀಯೇನಮ್ಮ' ಅಂತ ಕೇಳಿದ್ದಾರೆ, ಏನು ಬರೆಯಲಿ?

ಅಕ್ಟೋಬರ್ 8ಕ್ಕೆ ಬಿಡುತ್ತಾರೆ. ಸದ್ಯಕ್ಕೆ ಅತ್ತೆಯ ಮನೆಗೆ ಹೋಗುತ್ತೇನೆ, ಅಲ್ಲಿ ಮೆಟ್ಟಿಲಿಲ್ಲ. ನೀನು ಬರುವುದು ಬೇಡ. ಆಮೇಲೆ ನೋಡೋಣ.

ಅವಳನ್ನು ಹೋಗಿ ನೋಡು. ಪ್ಲಾಸ್ಟರ್ ಬಿಚ್ಚಿರುತ್ತಾರೆ. ನೋಡಿ ಬಂದು ಬರಿ. ಚೆನ್ನಾಗಿದ್ದಾಳೆ ಅಂತ ಮಾತ್ರ ಬರೆಯಬೇಡ.

ಮಗಳು


ಅಕ್ಟೋಬರ್ 1

ಮಗಳೇ,

ಹೋಗಿದ್ದೆ. ಬಾಗಿಲು ತಟ್ಟುವ ಮೊದಲು ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆ.

ಅಜ್ಜಿ ಒಳಗೆ ಕರೆದರು, ಕುರ್ಚಿ ಎಳೆದು ಹಾಕಿದರು. ಬುಗುರಿ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದಳು. ಎರಡು ಕಾಲೂ ಜೋಡಿಸಿ, ಕೈ ತೊಡೆಯ ಮೇಲೆ. ಎಡಗೈ ಪೂರ್ತಿ ಚಾಚಲು ಬರುವುದಿಲ್ಲ. ವ್ಯಾಯಾಮ ಮಾಡಿಸಿದರೆ ಇನ್ನಷ್ಟು ಬರಬಹುದು, ಪೂರ್ತಿ ಬರುವುದಿಲ್ಲ ಅಂದಿದ್ದಾರಂತೆ. ಅವಳ ಮುಂದೆ ಹಾಲಿನ ಲೋಟ ಇತ್ತು. ಕೆನೆ ಕಟ್ಟಿತ್ತು. ಅಜ್ಜಿ 'ಕುಡಿ' ಅಂದಮೇಲೆ ಎತ್ತಿಕೊಂಡಳು.

'ಈಗ ಪೂರ್ತಿ ಬೇರೆ ಮಗು ಸ್ವಾಮಿ' ಅಂದರು ಅಜ್ಜಿ. 'ಕೂರು ಅಂದ್ರೆ ಕೂರ್ತಾಳೆ. ಮಲಗು ಅಂದ್ರೆ ಮಲಗ್ತಾಳೆ. ಇವಳನ್ನ ನೋಡಿ ಕಲೀರಿ ಅಂತಾರಂತೆ ಟೀಚರು, ಬೇರೆ ಮಕ್ಕಳಿಗೆ. ನಿಮ್ಮನ್ನ ಬೈಯೋದೋ ಹೊಗಳೋದೋ ಗೊತ್ತಾಗ್ತಿಲ್ಲ ನಂಗೆ.' ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, 'ಕೈ ಹೋದ್ರೂ ಬುದ್ಧಿ ಬಂತಲ್ಲ ಅಂತಾರೆ ಪಕ್ಕದ ಮನೆಯವರು' ಅಂದರು. 'ನಾನು ಹೂಂ ಅಂತೀನಿ.'

ನಿನ್ನ ಬಗ್ಗೆ ಕೇಳಿದರು. ಮಂಡಿಯ ವಿಷಯ ಹೇಳಿದೆ, ನೀನು ಬರುವುದಿಲ್ಲ ಅಂತಲೂ ಹೇಳಿದೆ. ಅಜ್ಜಿ ಎದ್ದು ಹೋಗಿ ಲೋಟ ತೊಳೆದರು, ತುಂಬ ಹೊತ್ತು ತೊಳೆದರು.

ನಾನು ಬೆಂಚಿನ ಹತ್ತಿರ ಹೋದೆ. ಕೆಳಗೆ ಕೂತೆ. ಹೊರಗೆ ಅಕ್ಕಪಕ್ಕದ ಮಕ್ಕಳು ಚೆಂಡು ಒದೆಯುತ್ತಾ ಕೂಗುತ್ತಿದ್ದರು. 'ನೀನೂ ಹೋಗಮ್ಮ, ಆಡು' ಅಂದೆ. ಅವಳು ಅಡುಗೆಮನೆ ಕಡೆ ನೋಡಿದಳು. ಅಜ್ಜಿ ಅಲ್ಲಿಂದಲೇ 'ಹೋಗು' ಅಂದರು. ಬೆಂಚಿನಿಂದ ಇಳಿದಳು. ಓಡಲಿಲ್ಲ. ಬಾಗಿಲವರೆಗೆ ಒಂದೊಂದೇ ಹೆಜ್ಜೆ ನಡೆದು ಹೊಸ್ತಿಲ ಮುಂದೆ ನಿಂತು ನನ್ನ ಕಡೆ ತಿರುಗಿದಳು.

'ಎಷ್ಟು ದೂರ ಹೋಗ್ಲಿ ಅಕ್ಕಪ್ಪ?' ಅಂದಳು.

ನೀನು ಇದ್ದಿದ್ದರೆ ಏನಾದರೂ ಹೇಳುತ್ತಿದ್ದೆ. ನಾನು ಹೇಳಲಿಲ್ಲ. ಅವಳು ಅಲ್ಲೇ ನಿಂತಿದ್ದಳು, ನಾನು ಹೊರಟು ಬರುವವರೆಗೂ.

ಅಪ್ಪ